ಗೆದ್ದ ದಿನವೂ ಸೈಕಲ್ ತಳ್ಳಿಕೊಂಡು ಬಂದವಳು

ಇಪ್ಪತ್ತನಾಲ್ಕನೆಯ ವಯಸ್ಸಿಗೆ ಮನುಷ್ಯರು ನಿವೃತ್ತರಾಗುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ನನಗೀಗ ಅರವತ್ತು ಹತ್ತಿರ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕಾರ್ಕಳದಿಂದ ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತವನು ಇವತ್ತಿನವರೆಗೂ ನಿಂತೇ ಇದ್ದೇನೆ. ಕೂರಿಸಿ ಅನ್ನ ಹಾಕಿ ಎಂದು ಯಾರನ್ನೂ ಕೇಳಿದವನಲ್ಲ. ಈ ವಸಂತದಲ್ಲಿ ಒಂದು ಬೆಳಿಗ್ಗೆ ಕ್ಯಾಂಟೀನಿನ ಬಾಗಿಲು ತೆಗೆಯುತ್ತಿದ್ದಾಗ ಜಪಾನಿನಿಂದ ಫೋನಿಗೆ ಸಂದೇಶ ಬಂತು. ‘ಅಂಕಲ್, ನಾನು ಆಟ ಮುಗಿಸಿದೆ. ಆಂಟಿಗೂ ಹೇಳಿ. ನೋಡಿಕೊಂಡದ್ದಕ್ಕೆ ಧನ್ಯವಾದ.’

ನಾನು ಬಾಗಿಲಲ್ಲೇ ನಿಂತು ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದೆ. ‘ಹಾಗಾದರೆ ಇನ್ನು ಆ ದಿನದ ವಿಷಯ ಹೇಳಬಹುದಾ?’ ಅದಕ್ಕೆ ಆಕೆ ಮಾತು ಬರೆಯಲಿಲ್ಲ. ತಲೆ ಬಾಗಿಸಿದ ಒಂದು ಸಣ್ಣ ಗೊಂಬೆಯ ಚಿತ್ರ ಕಳಿಸಿದಳು. ನಮ್ಮ ಮನೆಯಲ್ಲಿದ್ದಾಗಲೂ ಹೀಗೆಯೇ. ಹೌದು ಎನ್ನಲೂ ಬಾಗುತ್ತಿದ್ದಳು, ಬೇಡ ಎನ್ನಲೂ ಬಾಗುತ್ತಿದ್ದಳು. ನಾನು ಹೌದು ಎಂದೇ ತಿಳಿದುಕೊಂಡು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಹೆಸರು ಸಿಕ್ಕಿದರೆ ಜನ ಕಂಪ್ಯೂಟರಿನಲ್ಲಿ ಹುಡುಕುತ್ತಾರೆ. ಹುಡುಕಿದರೆ ಆಕೆ ಸೋತ ಪಂದ್ಯಗಳೇ ಮೊದಲು ಬರುತ್ತವೆ.

ಡಚ್ಚರ ದೇಶದ ನ್ಯೂವೆಗೈನ್ ಎಂಬ ಊರಿನಲ್ಲಿ ಒಂದು ಕ್ರೀಡಾಂಗಣದ ಕ್ಯಾಂಟೀನು ನನ್ನದು. ವಾರದ ದಿನಗಳಲ್ಲಿ ಡಚ್ಚರಿಗೆ ಆಲೂಗಡ್ಡೆ ಕರಿದು ಕೊಡುತ್ತೇನೆ. ಭಾನುವಾರ ನಮ್ಮ ಬೆಂಗಳೂರು, ಮೈಸೂರು ಕಡೆಯ ಐಟಿ ಹುಡುಗರು ಕೋರ್ಟು ಬಾಡಿಗೆಗೆ ಹಿಡಿದು ಬ್ಯಾಡ್ಮಿಂಟನ್ ಆಡುತ್ತಾರೆ, ಅವರಿಗೆ ಇಡ್ಲಿ ವಡೆ. ಅಡುಗೆಯವನು ಎಂದ ಮೇಲೆ ಭಟ್ಟನೇ ಎಂದು ಅವರ ಲೆಕ್ಕ. “ಭಟ್ರೇ, ಎರಡು ಪ್ಲೇಟ್” ಎಂದು ಕೂಗುತ್ತಾರೆ. “ನಾನು ಭಟ್ರಲ್ಲ ಮಾರಾಯ್ರೇ” ಎಂದು ಹೇಳಿ ಹೇಳಿ ಬಿಟ್ಟುಬಿಟ್ಟಿದ್ದೇನೆ. ಅದೇ ಅಂಗಣದಲ್ಲಿ ಡಚ್ಚರ ಒಂದು ದೊಡ್ಡ ಬ್ಯಾಡ್ಮಿಂಟನ್ ಕ್ಲಬ್ಬೂ ಇದೆ. ನನ್ನ ಮಗಳು ಓದಲು ಗ್ರೋನಿಂಗನ್ನಿಗೆ ಹೋದ ವರ್ಷ ಆ ಕ್ಲಬ್ಬಿನ ಅಧ್ಯಕ್ಷ ಕೌಂಟರಿಗೆ ಮೊಣಕೈ ಊರಿ ನಿಂತು, ಜಪಾನಿನಿಂದ ಒಬ್ಬ ಆಟಗಾರ್ತಿ ಬರುತ್ತಿದ್ದಾಳೆ, ಎಲ್ಲೂ ಕೋಣೆ ಸಿಗುತ್ತಿಲ್ಲ, ನಿನ್ನ ಮಗಳ ಕೋಣೆ ಖಾಲಿ ಅಲ್ಲವೇ ಎಂದು ಕೇಳಿದ. ಈ ದೇಶದಲ್ಲಿ ಕೆಲಸ ಸಿಗುತ್ತದೆ, ಕೋಣೆ ಸಿಗುವುದಿಲ್ಲ. ಹೀಗೆ ಆಕೆ ನಮ್ಮ ಮನೆಗೆ ಬಂದಳು.

ಬಂದ ದಿನ ಬಾಗಿಲಲ್ಲಿ ಬೂಟು ಬಿಚ್ಚಿ, ಅದರ ಮೂತಿ ಹೊರಗೆ ತಿರುಗಿಸಿ ಇಟ್ಟಳು. ಆಮೇಲೆ ಸುಮ್ಮನಿರಲಾರದೆ ನಮ್ಮ ಚಪ್ಪಲಿಗಳನ್ನೂ ಹಾಗೆಯೇ ತಿರುಗಿಸಿಟ್ಟಳು. ನನ್ನ ಹೆಂಡತಿ ಅದನ್ನು ನೋಡಿ, “ಎಂತ ಇದು, ನಮ್ಮನ್ನೇ ಮನೆಯಿಂದ ಹೊರಡಿಸುವ ಹಾಗೆ ಉಂಟಲ್ಲ!” ಎಂದು ನಕ್ಕಳು. ಹುಡುಗಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ಅವಳ ಇಂಗ್ಲಿಷೂ ಮುರುಕು, ನಮ್ಮದೂ ಮುರುಕು. ಆದ್ದರಿಂದ ಮಾತು ಚೆನ್ನಾಗಿಯೇ ನಡೆಯುತ್ತಿತ್ತು. ಆಕೆಯ ಒಂದು ಮಾತು ಮಾತ್ರ ಜಪಾನಿಯದು. ದೈಜೋಬು. ಪರವಾಗಿಲ್ಲ, ತೊಂದರೆ ಇಲ್ಲ ಎಂದು ಅರ್ಥ. ಚಳಿಯಾ ಎಂದರೆ ದೈಜೋಬು. ಹಸಿವಾ ಎಂದರೆ ದೈಜೋಬು. ಸೈಕಲಿನಿಂದ ಬಿದ್ದು ಮಂಡಿ ತರಚಿಕೊಂಡು ಬಂದಾಗಲೂ ದೈಜೋಬು.

ಉತ್ತರದ, ಹಿಮ ಬೀಳುವ ಒಂದು ಸಣ್ಣ ಊರಿನವಳು. ಶಾಲೆಯಲ್ಲಿದ್ದಾಗಲೇ ದೇಶದ ಕಿರಿಯರಲ್ಲಿ ಹೆಸರು ಮಾಡಿದ್ದಳು. ಅಲ್ಲಿ ದೊಡ್ಡ ಕಂಪನಿಗಳು ತಮ್ಮದೇ ಬ್ಯಾಡ್ಮಿಂಟನ್ ತಂಡ ಇಟ್ಟುಕೊಳ್ಳುತ್ತವಂತೆ. ಬೆಳಿಗ್ಗೆ ಆಫೀಸಿನಲ್ಲಿ ಕಾಗದ ಜೋಡಿಸುವುದು, ಮಧ್ಯಾಹ್ನದಿಂದ ಆಟ. ಅಂಥ ಒಂದು ಕಂಪನಿಗೆ ಸೇರಿದಳು. ದೇಶದ ತಂಡದ ಬಾಗಿಲವರೆಗೂ ಹೋಗಿ ಹೊರಗುಳಿದಳು. ಅಲ್ಲಿ ಒಬ್ಬಳು ಬಿಟ್ಟ ಜಾಗಕ್ಕೆ ಹತ್ತು ಜನ. ಕೊನೆಗೆ ಕಂಪನಿ ಎರಡು ವರ್ಷ ರಜೆ ಕೊಟ್ಟಿತು. ಯುರೋಪಿನಲ್ಲಿ ಆಡಿ, ಇಲ್ಲಿಯ ಟೂರ್ನಮೆಂಟುಗಳಲ್ಲಿ ಗೆದ್ದು, ರ‍್ಯಾಂಕಿಂಗ್ ಮೇಲೆ ತಂದರೆ ಮತ್ತೆ ಕರೆಯುತ್ತೇವೆ, ಇಲ್ಲದಿದ್ದರೆ ಆಫೀಸಿನ ಕುರ್ಚಿ ಇದ್ದೇ ಇದೆ ಎಂದು. ಆ ಕುರ್ಚಿಯ ಮಾತು ಬಂದಾಗ ಮಾತ್ರ ಆಕೆ ದೈಜೋಬು ಎನ್ನುತ್ತಿರಲಿಲ್ಲ.

ಮೊದಲ ರಾತ್ರಿಯ ಊಟ ಹೇಳಬೇಕು. ನನ್ನ ಹೆಂಡತಿ ನೀರ್ದೋಸೆ, ಕಾಯಿಬೆಲ್ಲ ಮಾಡಿದ್ದಳು. ನಮ್ಮ ಕಡೆ ತಟ್ಟೆ ಖಾಲಿಯಾದರೆ ಬಡಿಸಬೇಕು. ಬೇಡ ಎಂದರೂ ಇನ್ನೊಂದು ಹಾಕಬೇಕು. ಕೈ ಅಡ್ಡ ಹಿಡಿದರೆ ಬೆರಳಿನ ಸಂದಿಯಲ್ಲಾದರೂ ಹಾಕಬೇಕು. ಅವಳ ಕಡೆ ತಟ್ಟೆಯಲ್ಲಿ ಬಿಟ್ಟರೆ ಮಾಡಿದವರಿಗೆ ಅವಮಾನ. ಆಕೆ ತಿಂದಂತೆ ಇವಳು ಹಾಕಿದಳು, ಇವಳು ಹಾಕಿದಂತೆ ಆಕೆ ತಿಂದಳು. “ಪಾಪ, ಎಷ್ಟು ಇಷ್ಟ ಆಯ್ತು ನೋಡಿ!” ಎಂದು ಇವಳಿಗೆ ಸಂಭ್ರಮ. ಹಿಟ್ಟು ಮುಗಿದ ಮೇಲೆಯೇ ಅದು ನಿಂತದ್ದು. ಆಮೇಲೆ ಮೇಲಿನ ಬಚ್ಚಲಿನಲ್ಲಿ ನಲ್ಲಿಯ ನೀರು ಜೋರಾಗಿ ಹರಿಯುವ ಸದ್ದು. ಆ ಸದ್ದಿನ ಕೆಳಗೆ ಇನ್ನೊಂದು ಸದ್ದು. ವಾಂತಿ ಕೇಳಿಸಬಾರದೆಂದು ನಲ್ಲಿ ತಿರುಗಿಸಿದ್ದಳು. ಬೆಳಿಗ್ಗೆ ಇಳಿದು ಬಂದು, ಬಹಳ ರುಚಿಯಾಗಿತ್ತು ಎಂದು ಬಾಗಿದಳು.

ಮಗಳಿಗೆ ಫೋನು ಮಾಡಿ ಇದನ್ನು ಹೇಳಿದರೆ ಅವಳು ಬೈದಳು. “ಪಪ್ಪಾ, ದೇ ಕಾಂಟ್ ಸೇ ನೋ. ನಿಮಗೆ ಸ್ಟಾಪ್ ಮಾಡ್ಲಿಕ್ಕೆ ಬರೂದಿಲ್ಲ. ನೀವಿಬ್ರೂ ಸೇರಿ ಅವಳನ್ನು ಕೊಲ್ತೀರಿ.”

ಅಂದಿನಿಂದ ಒಂದೇ ಸಲ ಕೇಳುವುದು ಎಂದು ನಿಯಮವಾಯಿತು. ನನ್ನ ಹೆಂಡತಿಗೆ ಅದು ಉಪವಾಸಕ್ಕಿಂತ ಕಷ್ಟ. “ಒಂದೇ ಸಲ ಕೇಳಿದ್ರೆ ಅದು ಕೇಳಿದ ಹಾಗಾ? ಹೋಟೆಲಿನವರೂ ಎರಡು ಸಲ ಕೇಳ್ತಾರೆ” ಎಂದು ನನ್ನ ಬಳಿ ಗೊಣಗುತ್ತಿದ್ದಳು.

ಆಟದ ಬಗ್ಗೆ ನನಗೆ ಹೆಚ್ಚು ತಿಳಿಯದು. ಕೌಂಟರಿನ ಹಿಂದಿನಿಂದ ಕಂಡಷ್ಟನ್ನು ಹೇಳುತ್ತೇನೆ. ಕೋರ್ಟಿಗೆ ಕಾಲಿಡುವ ಮೊದಲು ಗೆರೆಯ ಹೊರಗೆ ನಿಂತು ಖಾಲಿ ಕೋರ್ಟಿಗೆ ತಲೆ ಬಾಗಿಸುತ್ತಿದ್ದಳು, ಗದ್ದೆಗೆ ಇಳಿಯುವ ಮೊದಲು ನನ್ನ ತಾಯಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ ಹಾಗೆ. ಎದುರಾಳಿಯ ಬೆವರು ನೆಲಕ್ಕೆ ಬಿದ್ದರೂ ತಾನೇ ಹೋಗಿ ಒರೆಸುತ್ತಿದ್ದಳು. ಚಳಿಗಾಲದಲ್ಲಿ ಇಲ್ಲಿಯ ಒಣ ಹವೆಗೆ ಶಟಲ್ಲಿನ ಗರಿಗಳು ಪಟಪಟ ಮುರಿಯುತ್ತವೆ. ಹಬೆ ಹಿಡಿಸಿದರೆ ಬಾಳಿಕೆ ಬರುತ್ತದೆ ಎಂದು ಆಕೆ ಹೇಳಿದಾಗ ನಾನು ನನ್ನ ಇಡ್ಲಿ ಪಾತ್ರೆಯನ್ನೇ ಕೊಟ್ಟೆ. ಶನಿವಾರ ಸಂಜೆ ನಾನು ಉದ್ದು ರುಬ್ಬುತ್ತಿದ್ದರೆ ಪಕ್ಕದ ಒಲೆಯಲ್ಲಿ ಆಕೆ ಶಟಲ್ಲುಗಳಿಗೆ ಹಬೆ ಹಿಡಿಸುತ್ತಿದ್ದಳು. “ಬೆಂದಿತಾ ನೋಡು, ಚಟ್ನಿ ತರ್ತೇನೆ” ಎಂದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುವಳು. ಆಗ ಮಾತ್ರ ಆಕೆಯ ವಯಸ್ಸು ಕಾಣುತ್ತಿತ್ತು.

ಇನ್ನೊಂದು ಪದ್ಧತಿ ಇತ್ತು. ಗೆದ್ದ ದಿನ ಸೈಕಲ್ ಹತ್ತಿ ಬರುವಳು. ಸೋತ ದಿನ ಅದೇ ಸೈಕಲನ್ನು ತಳ್ಳಿಕೊಂಡು, ಮಳೆಯಿರಲಿ ಗಾಳಿಯಿರಲಿ, ಕಾಲುವೆ ದಂಡೆಯಲ್ಲಿ ನಡೆದೇ ಬರುವಳು. ಶಾಲೆಯ ಕೋಚ್ ಹಾಕಿದ ಶಿಕ್ಷೆಯಂತೆ. ಕೋಚ್ ಅಲ್ಲೇ ಜಪಾನಿನಲ್ಲಿ ಉಳಿದರೂ ಶಿಕ್ಷೆ ಜೊತೆಗೆ ಬಂದಿತ್ತು. ನನ್ನ ಹೆಂಡತಿ ಕಿಟಕಿಯಿಂದ ನೋಡಿಯೇ ಫಲಿತಾಂಶ ಹೇಳುತ್ತಿದ್ದಳು.

ಎರಡನೆಯ ವರ್ಷ ತಳ್ಳಿಕೊಂಡು ಬರುವುದು ಕಡಿಮೆಯಾಯಿತು. ಡೆನ್ಮಾರ್ಕಿನವರನ್ನೂ ಜರ್ಮನಿಯವರನ್ನೂ ಸೋಲಿಸಿದಳು. ರ‍್ಯಾಂಕಿಂಗ್ ಏರಿತು. ದೀಪಾವಳಿ ಕಳೆದು ಎರಡು ವಾರಕ್ಕೆ ಜರ್ಮನಿಯಲ್ಲಿ ಒಂದು ಟೂರ್ನಮೆಂಟ್ ಇತ್ತು. ಅದನ್ನು ನೋಡಲು ಜಪಾನಿನಿಂದ ಆಯ್ಕೆಗಾರರೊಬ್ಬರು ಬರುವವರಿದ್ದರು. ಅಲ್ಲಿ ಕೊನೆಯ ನಾಲ್ವರಲ್ಲಿ ಉಳಿದರೆ ಕರೆ ಖಂಡಿತ. “ಕುರ್ಚಿ ಇಲ್ಲ, ಅಂಕಲ್” ಎಂದು ನನ್ನ ಬಳಿ ಹೇಳಿ ನಕ್ಕಿದ್ದಳು. ಹಿಮ್ಮಡಿಯ ಮೇಲಿನ ನರ ಸ್ವಲ್ಪ ಊದಿತ್ತು. ಟೂರ್ನಮೆಂಟಿನವರೆಗೆ ಓಡಬೇಡ, ಹಾರಬೇಡ, ಪೂರ್ತಿ ವಿಶ್ರಾಂತಿ ಎಂದು ಕ್ಲಬ್ಬಿನ ಫಿಸಿಯೋ ಹೇಳಿದ್ದ. ಆಕೆ ಹಾಗೆಯೇ ಇದ್ದಳು. ಮೆಟ್ಟಿಲು ಕೂಡ ನಿಧಾನವಾಗಿ ಇಳಿಯುತ್ತಿದ್ದಳು.

ದೀಪಾವಳಿಯ ಭಾನುವಾರ ಐಟಿ ಹುಡುಗರ ವಾರ್ಷಿಕ ಪಂದ್ಯಾಟ. ಹೆಂಡಿರು ಮಕ್ಕಳೆಲ್ಲ ಬರುತ್ತಾರೆ, ದೂರದ ವೂರ್‌ಬರ್ಗ್ ಊರಿನಿಂದಲೂ ಬರುತ್ತಾರೆ, ಊಟ ನನ್ನದು. ಅವರ ಕಾರ್ಯದರ್ಶಿ ಮೈಸೂರಿನವರು. ಒಳ್ಳೆಯ ಮನುಷ್ಯ. ಯಾರಿಗೆ ಜ್ವರ ಬಂದರೂ ಗಂಜಿ ಕೊಂಡುಹೋಗಿ ಕೊಡುವವರು. ಬಹುಮಾನ ಕೊಡಲು ಬನ್ನಿ ಎಂದು ಆಕೆಯನ್ನು ಕರೆದಿದ್ದರು. ಆಕೆ ನನ್ನ ಹೆಂಡತಿ ಕೊಟ್ಟ ಚೂಡಿದಾರ ಹಾಕಿಕೊಂಡು ಬಂದಳು. ಬಹುಮಾನ ಕೊಡುವ ಮೊದಲು ಕಾರ್ಯದರ್ಶಿಗಳು ಮೈಕಿನಲ್ಲಿ, “ಒಂದೇ ಒಂದು ಗೇಮ್ ಮೇಡಂ! ಜಸ್ಟ್ ಫಾರ್ ಫನ್! ನಮ್ ಮಕ್ಳು ನೋಡ್ಲಿ!” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಕರಿಯುತ್ತಿದ್ದ ವಡೆ ಬಿಟ್ಟು ಓಡಿಹೋಗಿ ಅವರ ಕಿವಿಯಲ್ಲಿ ಹೇಳಿದೆ. “ಬೇಡ ಸರ್, ಅವಳ ಕಾಲಿಗೆ ರೆಸ್ಟ್ ಹೇಳಿದ್ದಾರೆ. ಇನ್ನೆರಡು ವಾರದಲ್ಲಿ ದೊಡ್ಡ ಮ್ಯಾಚ್ ಉಂಟು.”

ಅವರು ಕೂಡಲೇ ಆಕೆಯ ಕಡೆ ತಿರುಗಿ, ಕಾಲು ನೋವಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕೇಳಿದರು ಎಂಬುದನ್ನು ನಾನು ಬರೆಯಲೇಬೇಕು. ಆಕೆ ಬಾಗಿ, “ದೈಜೋಬು, ದೈಜೋಬು” ಎಂದಳು.

“ನೋಡಿ ಭಟ್ರೇ, ಅವ್ರೇ ಓಕೆ ಅಂತಿದ್ದಾರೆ! ನೀವ್ಯಾಕೆ ಟೆನ್ಷನ್ ಮಾಡ್ಕೋತೀರಾ? ವಡೆ ಸೀದೋಗುತ್ತೆ, ಹೋಗಿ.”

ಯಾರದೋ ಬೂಟು ಇಸಿದುಕೊಂಡು, ದುಪ್ಪಟ್ಟಾ ಸೊಂಟಕ್ಕೆ ಕಟ್ಟಿ, ಗೆರೆಯ ಹೊರಗೆ ನಿಂತು ತಲೆ ಬಾಗಿಸಿ ಒಳಗೆ ಹೋದಳು. ಆ ಕಡೆ ಮೂವರು ಗಂಡಸರು. ನಿಂತಲ್ಲಿಂದಲೇ ಆಡಿ ಗೆದ್ದಳು. ಅಲ್ಲಿಗೆ ಮುಗಿಯಬೇಕಿತ್ತು. ನಮ್ಮ ಜನಕ್ಕೆ ಒಂದಕ್ಕೆ ನಿಲ್ಲಿಸಿ ಗೊತ್ತಿಲ್ಲ. “ಇನ್ನೊಂದು! ಇನ್ನೊಂದು!” ಎಂದರು. ಹೆಂಗಸರ ಜೊತೆ ಒಂದು, ಮಕ್ಕಳ ಜೊತೆ ಒಂದು. ಕೊನೆಗೆ, “ಒಂದು ಜಂಪ್ ಸ್ಮ್ಯಾಶ್ ಮೇಡಂ! ಒಂದೇ ಒಂದು! ವಿಡಿಯೋ ರೆಡಿ!” ಎಂದು ಹತ್ತಾರು ಫೋನುಗಳು ಎದ್ದು ನಿಂತವು. ಪ್ರೀತಿಯಿಂದಲೇ ಕೇಳಿದರು. ಪ್ರೀತಿಯಿಂದ ಕೇಳಿದ್ದಕ್ಕೆ ಆಕೆಯ ಬಳಿ ಬೇರೆ ಉತ್ತರವೇ ಇರಲಿಲ್ಲ.

ಆಕೆ ಹಾರಿದಳು. ಹೊಡೆತದ ಸದ್ದಿಗೆ ಮಕ್ಕಳು ಕಿರುಚಿದರು. ಇಳಿದವಳು ಥಟ್ಟನೆ ಹಿಂದಕ್ಕೆ ತಿರುಗಿ ನೋಡಿದಳು, ಯಾರೋ ಹಿಂದಿನಿಂದ ಕಾಲಿಗೆ ಒದ್ದ ಹಾಗೆ. ಹಿಂದೆ ಯಾರೂ ಇರಲಿಲ್ಲ. ಒಂದು ಕ್ಷಣ ಆ ಖಾಲಿ ಜಾಗವನ್ನೇ ನೋಡುತ್ತ ನಿಂತಳು. ಆಮೇಲೆ ಈ ಕಡೆ ತಿರುಗಿ ನಕ್ಕಳು.

ಮುಂದೆ ಸನ್ಮಾನ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಮತ್ತು ಕಾರ್ಯದರ್ಶಿಗಳ ಭಾಷಣ. ಕುರ್ಚಿ ಕೊಟ್ಟರು. ಉಳಿದವರು ನಿಂತಿದ್ದರಲ್ಲ, ಆಕೆ ಕೂರಲಿಲ್ಲ. ಎಡಗೈಯಿಂದ ಮೇಜಿನ ಅಂಚು ಹಿಡಿದು, ಒಂದೇ ಕಾಲಿನ ಮೇಲೆ ಭಾರ ಹಾಕಿ, ಪೇಟದ ಕೆಳಗೆ ಹಣೆಯ ಬೆವರು ಇಳಿಯುತ್ತಿದ್ದರೂ ನಗುತ್ತ ನಿಂತಳು. ಎಲ್ಲರೂ ಜೊತೆಗೆ ಫೋಟೋ ತೆಗೆಸಿಕೊಂಡರು, ಕುಟುಂಬ ಕುಟುಂಬವಾಗಿ. ಆಡಿ ದಣಿದಿದ್ದಾಳೆ ಎಂದು ನಾನೂ ಅಂದುಕೊಂಡೆ. ಊಟ ಬಡಿಸುವ ಗಡಿಬಿಡಿಯಲ್ಲಿ ಆಕೆ ಯಾವಾಗ ಹೊರಟಳೆಂದು ನೋಡಲಿಲ್ಲ.

ಪಾತ್ರೆ ತೊಳೆದು ಕಾರಿನಲ್ಲಿ ಮನೆಗೆ ಬರುವಾಗ ಕಾಲುವೆ ದಂಡೆಯಲ್ಲಿ ಆಕೆ ಕಂಡಳು. ಸೈಕಲ್ ತಳ್ಳಿಕೊಂಡು ಬರುತ್ತಿದ್ದಳು. ಹ್ಯಾಂಡಲ್ ಮೇಲೆ ಹಣ್ಣಿನ ಬುಟ್ಟಿ. ನನಗೆ ನಗು ಬಂತು. ಕಿಟಕಿ ಇಳಿಸಿ, “ಎಂತ ಮಾರಾಯ್ತಿ, ಅವರ ಹತ್ರವೂ ಸೋತಿಯಾ?” ಎಂದು ನನ್ನ ಭಾಷೆಯಲ್ಲೇ ಕೂಗಿದೆ. ಆಕೆ ಮುಖವೆತ್ತಿದಾಗ ತಿಳಿಯಿತು. ತಳ್ಳುತ್ತಿರಲಿಲ್ಲ. ಸೈಕಲನ್ನು ಊರುಗೋಲು ಮಾಡಿಕೊಂಡಿದ್ದಳು.

ಅಡುಗೆಮನೆಯಲ್ಲಿ ಕೂರಿಸಿ, ಕಾಲಿಗೆ ಐಸ್ ಕಟ್ಟಿ, ಈಗಲೇ ಫಿಸಿಯೋಗೆ ಹೇಳೋಣ, ಕಾರ್ಯದರ್ಶಿಗೂ ಫೋನು ಮಾಡುತ್ತೇನೆ ಎಂದೆ. ಆಕೆ ನನ್ನ ಫೋನಿನ ಮೇಲೆ ಕೈ ಇಟ್ಟಳು. “ಬೇಡ ಅಂಕಲ್. ಅವರು ಎಷ್ಟು ಸಂತೋಷವಾಗಿದ್ದರು. ಹೇಳಿದರೆ ಅವರ ಹಬ್ಬ ಕೆಟ್ಟ ದಿನವಾಗುತ್ತದೆ. ಪ್ರತಿ ವರ್ಷ ಆ ದಿನ ಬರುತ್ತದೆ. ನಾನು ಮತ್ತೆ ಚೆನ್ನಾಗಿ ಆಡುವವರೆಗೆ ಹೇಳಬೇಡಿ. ಆಮೇಲೆ ನಾನೇ ಹೇಳುತ್ತೇನೆ, ಎಲ್ಲರೂ ನಗಬಹುದು.” ಆಕೆ ನನ್ನ ಬಳಿ ಅಷ್ಟು ಉದ್ದ ಮಾತಾಡಿದ್ದು ಅದೊಂದೇ ಸಲ. ಆಗಲಿ ಎಂದು ಮಾತು ಕೊಟ್ಟೆ.

ನನ್ನ ಹೆಂಡತಿ ಕಾಲು ಹಿಡಿದು ಕೂತವಳು ಕನ್ನಡದಲ್ಲೇ ರೇಗಿದಳು. “ಅವರ ಹಬ್ಬಕ್ಕೆ ನಿನ್ನ ಕಾಲು ಕೊಡ್ಲಿಕ್ಕೆ ನೀನ್ಯಾರು ಹೆಣ್ಣೇ?”

ಫಿಸಿಯೋಗೆ ಆಕೆ ಹೇಳಿದ್ದು ಸ್ವಲ್ಪ ನೋವು ಎಂದಷ್ಟೇ. ಆ ಭಾನುವಾರ ಹಾರಿದಾಗಲೇ ನರ ಅರ್ಧ ಹರಿದಿತ್ತೆಂದು ಆಮೇಲೆ ಗೊತ್ತಾಯಿತು. ಪಟ್ಟಿ ಬಿಗಿದು ಜರ್ಮನಿಗೆ ಹೋದಳು. ಆಯ್ಕೆಗಾರರು ಬಂದು ಕುಳಿತಿದ್ದರಂತೆ. ಮೊದಲ ಪಂದ್ಯದ ಆರಂಭದಲ್ಲೇ ಬಿದ್ದಳು. ಈ ಸಲ ಪೂರ್ತಿ ಹರಿದಿತ್ತು. ಆಯ್ಕೆಗಾರರು ಉಳಿದ ಹುಡುಗಿಯರ ಆಟ ನೋಡಿಕೊಂಡು ಹೋದರು. ಕ್ಲಬ್ಬಿನವರಿಗೂ, ಕಂಪನಿಗೂ, ನಮ್ಮ ಹುಡುಗರಿಗೂ ಗೊತ್ತಿರುವ ಕಥೆ ಇದು ಮಾತ್ರ.

ಆಪರೇಷನ್ ಆಗಿ ಮೂರು ತಿಂಗಳು ನಮ್ಮಲ್ಲೇ ಇದ್ದಳು. ಈ ದೇಶದ ಮನೆಗಳ ಮೆಟ್ಟಿಲು ಏಣಿಯ ಹಾಗೆ ಕಡಿದು. ಆಕೆ ಕುಳಿತುಕೊಂಡು ಒಂದೊಂದೇ ಮೆಟ್ಟಿಲು ಜಾರಿ ಇಳಿಯುತ್ತಿದ್ದಳು, ಸದ್ದಾಗದಂತೆ. ಬಾಗಿಲ ಬಳಿ ಬಂದು ಕೂತು, ಅಲ್ಲಿದ್ದ ಬೂಟುಗಳ ಮೂತಿ ಹೊರಗೆ ತಿರುಗಿಸುತ್ತಿದ್ದಳು, ತಾನು ಹೊರಗೆ ಹೋಗದಿದ್ದರೂ. ಅಳುವುದನ್ನು ನಾನು ನೋಡಿಲ್ಲ. ನೋಡಿದ್ದರೆ ನನಗೆ ಹಗುರಾಗುತ್ತಿತ್ತು. ಬೆನ್ನು ಬಗ್ಗಿಸಿ ದುಡಿದರೆ ದುಡಿದದ್ದು ಕೈಗೆ ಬರುತ್ತದೆ ಎಂದು ನಂಬಿ ಬದುಕಿದವನು ನಾನು, ಮಗಳಿಗೂ ಅದನ್ನೇ ಹೇಳಿ ಬೆಳೆಸಿದವನು. ಏಳನೆಯ ವಯಸ್ಸಿನಿಂದ ಆಟಕ್ಕಾಗಿ ದುಡಿದ ಈ ಹುಡುಗಿಯ ಮುಂದೆ ಆ ಮಾತು ಬಾಯಿಂದ ಹೊರಡಲಿಲ್ಲ. ಈಗ ಯಾರ ಮುಂದೆಯೂ ಹೊರಡುವುದಿಲ್ಲ.

ರಜೆ ಮುಗಿಯಿತು, ಜಪಾನಿಗೆ ಹೋದಳು. ಕಂಪನಿ ಕುರ್ಚಿಯಲ್ಲಿ ಕೂರಿಸಿತು. ಸಂಜೆ ವ್ಯಾಯಾಮ ಮಾಡುತ್ತಿದ್ದೇನೆ, ಇನ್ನೂ ಆಡಬಲ್ಲೆ ಎಂದು ಬರೆಯುತ್ತಿದ್ದಳು. ಕಳೆದ ದೀಪಾವಳಿಗೆ ಕಾರ್ಯದರ್ಶಿಗಳು, “ಅಣ್ಣಾ, ಅವ್ರಿಂದ ಒಂದು ವಿಡಿಯೋ ಮೆಸೇಜ್ ತರಿಸಿಕೊಡಿ, ಪ್ಲೀಸ್. ಮಕ್ಳೆಲ್ಲ ಕೇಳ್ತಿದ್ದಾರೆ” ಎಂದರು. ನಾನು ಆಗುವುದಿಲ್ಲ ಎಂದೆ. ಅವರೇ ಹೇಗೋ ನಂಬರು ಹುಡುಕಿ ಕೇಳಿದರು. ಕೇಳಿದ ಮೇಲೆ ಆಕೆ ಕಳಿಸದಿರುವಳೇ?

ಊಟಕ್ಕೆ ಮೊದಲು ಗೋಡೆಯ ಮೇಲೆ ಅದನ್ನು ತೋರಿಸಿದರು. ಆಫೀಸಿನ ಬೂದುಬಣ್ಣದ ಕೋಟು ಹಾಕಿಕೊಂಡು ಒಂದು ಖಾಲಿ ಕೋಣೆಯಲ್ಲಿ ನಿಂತಿದ್ದಳು. “ದೀಪಾವಳಿ ಹಬ್ಬದ ಶುಭಾಶಯಗಳು” ಎಂದು ಕನ್ನಡದಲ್ಲಿ, ಬಾಯಿಪಾಠ ಮಾಡಿಕೊಂಡು, ಒಂದೂ ತಪ್ಪಿಲ್ಲದೆ ಹೇಳಿದಳು. ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. ಬಾಗಿದಳು. ಅಲ್ಲಿಗೆ ಮುಗಿಯಿತೆಂದು ಜನ ಎದ್ದು ತಟ್ಟೆಗಳ ಕಡೆ ನಡೆದರು. ವಿಡಿಯೋ ಮುಗಿದಿರಲಿಲ್ಲ. ಫೋನನ್ನು ದೂರದಲ್ಲಿ ಎಲ್ಲೋ ಒರಗಿಸಿಟ್ಟಿದ್ದಳು, ಆರಿಸಲು ತಾನೇ ನಡೆದು ಬರಬೇಕಿತ್ತು. ನಡೆದು ಬಂದಳು. ಒಂದು ಕಾಲು ಹೆಜ್ಜೆಯಿಟ್ಟರೆ ಇನ್ನೊಂದು ಎಳೆದುಕೊಂಡು ಹಿಂದೆ ಬರುತ್ತಿತ್ತು. ಅದನ್ನು ನೋಡಿದ್ದು ನಾನು, ನನ್ನ ಹೆಂಡತಿ, ಮತ್ತು ಲ್ಯಾಪ್‌ಟಾಪಿನ ಪಕ್ಕ ನಿಂತಿದ್ದ ಕಾರ್ಯದರ್ಶಿಗಳು.

ಅವರು ನನ್ನ ಬಳಿ ಬಂದರು. ಮುಖ ಬಿಳಿಚಿತ್ತು. “ಅಣ್ಣಾ, ಕಾಲು ಇಷ್ಟು ಹೋಗಿದ್ಯಾ? ನನಗೆ ಗೊತ್ತೇ ಇರ್ಲಿಲ್ಲ. ಜರ್ಮನಿಯಲ್ಲಿ ಬಿದ್ರು ಅಂತಷ್ಟೇ ಕೇಳಿದ್ದೆ. ನಿಜಕ್ಕೂ ಆಗಿದ್ದು ಯಾವಾಗ? ಕರೆಕ್ಟಾಗಿ ಹೇಳಿ.”

ನನ್ನ ಹೆಂಡತಿ ಸೌಟು ಕೆಳಗಿಟ್ಟು, “ಹೇಳಿ ಬಿಡಿ” ಎಂದಳು. ಆದರೆ ಆಗ ಆಕೆ ಆಟ ಮುಗಿಸಿರಲಿಲ್ಲ. ಇನ್ನೂ ಆಡಬಲ್ಲೆ ಎನ್ನುತ್ತಿದ್ದಳು. ಕೊಟ್ಟ ಮಾತು ನನ್ನ ಮೇಲಿತ್ತು.

“ಜರ್ಮನಿಯಲ್ಲಿ” ಎಂದೆ. “ಆ ಟೂರ್ನಮೆಂಟಿನಲ್ಲಿ.”

ಅವರು ಉಸಿರು ಬಿಟ್ಟರು. ಮುಖಕ್ಕೆ ರಕ್ತ ಮರಳಿತು. “ಅಬ್ಬಾ! ನಮ್ ಪ್ರೋಗ್ರಾಮ್‌ನಲ್ಲಿ ಆಗ್ಲಿಲ್ವಲ್ಲ ಅಣ್ಣಾ, ಅದೊಂದು ಪುಣ್ಯ. ಆಗಿದ್ದಿದ್ರೆ ಜನ್ಮದಲ್ಲಿ ಮರೀತಿರ್ಲಿಲ್ಲ ನಾನು” ಎಂದು ನನ್ನ ಭುಜ ತಟ್ಟಿ, ಹಗುರಾಗಿ ಹೆಜ್ಜೆ ಹಾಕುತ್ತ ಊಟದ ಸಾಲಿನ ಕಡೆ ಹೋದರು. ಅವರು ಹೀಗೆ ನಡೆದು ಹೋಗಲಿ ಎಂದೇ ಆಕೆ ಆ ದಿನ ಮೇಜು ಹಿಡಿದು ನಿಂತಿದ್ದಳು.